ಕಾಲು ಚಾಚುವ ಕುರ್ಚಿ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಹತ್ತನೇ ತರಗತಿಯ ಮಕ್ಕಳಿಗೆ ನಾನು ಅದೆಷ್ಟು ಸಲ ಹೇಳಿದ್ದೇನೋ, ಲೆಕ್ಕವಿಲ್ಲ. ಆದರೆ ಕೂತಲ್ಲೇ ಮಾರುದ್ದ ಕಾಲು ಚಾಚಲೆಂದೇ ಮಾಡಿದ ಕುರ್ಚಿಯೊಂದು ನಮ್ಮ ಮನೆಯ ಅಟ್ಟದ ಮೇಲೆ ಬಹಳ ವರ್ಷಗಳಿಂದ ಬಿದ್ದಿದೆ. ತೌರುಮನೆ ಪಾಲಾದಾಗ ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂದದ್ದು ಅದು. ಈಗ ಅದಕ್ಕೊಂದು ಗಿರಾಕಿ ಹುಟ್ಟಿಕೊಂಡಿದೆ. ಆ ಗಿರಾಕಿ ನನ್ನ ಮಗಳೇ.

ಮಗಳು ಬೆಂಗಳೂರಿನಲ್ಲಿ ಫ್ಲಾಟು ಕೊಂಡಿದ್ದಾಳೆ. ಮನೆಯ ಒಳಾಂಗಣ ಸಿಂಗರಿಸುವವರು ತೋರಿಸಿದ ಚಿತ್ರಗಳಲ್ಲಿ ಅವಳ ಮನಸ್ಸಿಗೆ ಹಿಡಿಸಿದ್ದು ‘ಕೊಲೋನಿಯಲ್ ಸ್ಟೈಲ್’. ಬಿಳಿ ಗೋಡೆ, ಕಪ್ಪು ಹೊಳಪಿನ ಮರ, ಬೆತ್ತದ ಹೆಣಿಗೆ, ಹಿತ್ತಾಳೆಯ ದೀಪ, ಚೌಕಟ್ಟು ಹಾಕಿದ ಹಳೆಯ ಭೂಪಟ. ಬಾಲ್ಕನಿಗೆ ಒಂದು ಪ್ಲಾಂಟರ್ಸ್ ಚೇರ್. ಅದರ ಬೆಲೆ ಕೇಳಿ ಬೆಚ್ಚಿಬಿದ್ದ ಮಗಳು ನನಗೆ ಫೋನು ಮಾಡಿದಳು. ‘ಅಮ್ಮಾ, ಮುತ್ತಜ್ಜನ ಕುರ್ಚಿ ಇನ್ನೂ ಅಟ್ಟದಲ್ಲಿದೆಯಾ? ಅದನ್ನು ನನಗೆ ಕಳಿಸುತ್ತೀಯಾ?’ ಕೊಡುವುದಕ್ಕೆ ನನಗೇನು ಕಷ್ಟ? ಆದರೂ ‘ಆಗಲಿ’ ಎನ್ನಲು ನಾಲಗೆ ತಡೆಯಿತು. ‘ನೋಡೋಣ’ ಎಂದೆ. ಯಾಕೆ ತಡೆಯಿತೆಂದು ನನಗೇ ವಿವರಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಕುರ್ಚಿಯನ್ನು ನೋಡದವರಿಗೆ ಎರಡು ಮಾತು. ಬೀಟೆಮರದ ಚೌಕಟ್ಟು, ಹಿಂದಕ್ಕೆ ವಾಲಿದ ಬೆನ್ನು, ಬೆನ್ನಿಗೂ ಕೂರುವ ಜಾಗಕ್ಕೂ ಗಾಳಿಯಾಡುವಂತೆ ಬೆತ್ತದ ಹೆಣಿಗೆ. ವಿಶೇಷವೆಂದರೆ ಅದರ ಕೈಗಳು. ಅಗಲವಾದ ಎರಡು ಹಲಗೆಗಳು ಮುಂದಕ್ಕೆ ಚಾಚಿವೆ. ಅವುಗಳ ಅಡಿಯಿಂದ ಇನ್ನೆರಡು ಹಲಗೆಗಳನ್ನು ತಿರುಗಿಸಿ ಹೊರಗೆಳೆದರೆ ಉದ್ದ ಇಮ್ಮಡಿಯಾಗುತ್ತದೆ. ಕೂತವನು ಎರಡೂ ಕಾಲೆತ್ತಿ ಅವುಗಳ ಮೇಲಿಟ್ಟುಕೊಳ್ಳಬೇಕು. ಮಳೆ, ಜಿಗಣೆ, ಕೆಸರುಗಳಲ್ಲಿ ತೋಟ ಸುತ್ತಿ ಬಂದ ದೊರೆ ಹಾಗೆ ಕಾಲು ಚಾಚಿದನೆಂದರೆ ಆಳು ಎದುರಿಗೆ ನಿಂತು ಬೂಟು ಕಳಚುತ್ತಿದ್ದನಂತೆ. ಒಬ್ಬ ಕೂರಲು, ಇನ್ನೊಬ್ಬ ಎದುರಿಗೆ ನಿಲ್ಲಲು ಹೇಳಿ ಮಾಡಿಸಿದ ಕುರ್ಚಿ.

ನನ್ನ ಅಜ್ಜ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮೇಲೆ ದೊರೆ ತೋಟ ಮಾರಿ ಸೀಮೆಗೆ ಹೊರಟಾಗ ಬಂಗಲೆಯ ಸಾಮಾನು ಹರಾಜಾಯಿತು. ಅಜ್ಜ ಕೂಗಿದ್ದು ಒಂದೇ ಒಂದು ವಸ್ತುವಿಗೆ. ಅದು ಎತ್ತಿನ ಗಾಡಿಯಲ್ಲಿ ಮನೆಗೆ ಬಂತೆಂದು ಅಜ್ಜಿ ಹೇಳುತ್ತಿದ್ದರು. ಇಪ್ಪತ್ತು ವರ್ಷ ಆ ಕುರ್ಚಿಯ ಎದುರಿಗೆ ಲೆಕ್ಕದ ಪುಸ್ತಕ ಹಿಡಿದು ನಿಂತಿದ್ದ ಮನುಷ್ಯ ಮೊದಲ ಸಲ ಅದರಲ್ಲಿ ಕೂತಾಗ ಏನನ್ನಿಸಿರಬಹುದು! ದೆಹಲಿಯಲ್ಲಿ ಬಾವುಟ ಬದಲಾದದ್ದಕ್ಕಿಂತ ನಮ್ಮ ಜಗಲಿಗೆ ಆ ಕುರ್ಚಿ ಬಂದದ್ದೇ ಅಜ್ಜನ ಪಾಲಿಗೆ ನಿಜವಾದ ಸ್ವಾತಂತ್ರ್ಯವಾಗಿತ್ತೇನೋ. ಆ ಹಿಗ್ಗನ್ನು ನಾನು ಹೀಗಳೆಯಲಾರೆ.

ಆದರೆ ಅಜ್ಜ ಕೂತ ಮೇಲೆ ಕುರ್ಚಿಯ ಎದುರು ನಿಲ್ಲುವವರು ಬದಲಾದರೇ ಹೊರತು ನಿಲ್ಲುವುದು ತಪ್ಪಲಿಲ್ಲ. ನಮ್ಮ ಕೊಟ್ಟಿಗೆ, ಗದ್ದೆಗಳ ಕೆಲಸಕ್ಕೆ ಒಬ್ಬ ಮುದುಕ ಬರುತ್ತಿದ್ದ. ಅವನು ಜಗಲಿ ಹತ್ತುವಂತಿರಲಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ಕೈಗೆ ತೆಗೆದುಕೊಂಡು ಅಂಗಳದಲ್ಲಿ ನಿಲ್ಲುತ್ತಿದ್ದ. ಅಜ್ಜ ಅವನನ್ನು ‘ಏಯ್’ ಎಂದು ಕರೆಯುತ್ತಿದ್ದರು. ನಮ್ಮ ಜಗಲಿ ಎತ್ತರದ್ದು, ಅವನ ಸೊಂಟದ ಮಟ್ಟಕ್ಕೆ ಬರುತ್ತಿತ್ತು. ಕುರ್ಚಿ ಜಗಲಿಯ ಅಂಚಿಗಿದ್ದುದರಿಂದ ಅಜ್ಜ ಕಾಲು ಚಾಚಿದರೆ ಪಾದಗಳು ಹೆಚ್ಚುಕಡಿಮೆ ಆ ಮುದುಕನ ಮುಖದ ನೇರಕ್ಕೆ ಬರುತ್ತಿದ್ದವು.

ನನಗಾಗ ಎಂಟು ವರ್ಷ. ಬೇಸಿಗೆ ರಜೆ. ಅಜ್ಜ ಪೇಟೆಗೆ ಹೋಗಿದ್ದರು. ನಾನು ಕುರ್ಚಿ ಹತ್ತಿ ಕೂತೆ. ಕಾಲು ಚಾಚಿದರೆ ಹಲಗೆಯ ತುದಿ ಮುಟ್ಟುತ್ತಿರಲಿಲ್ಲ, ಸರಿದು ಸರಿದು ಮುಂದಕ್ಕೆ ಬಂದು ಮುಟ್ಟಿಸಿದೆ. ಅಂಗಳದಲ್ಲಿ ಆ ಮುದುಕ ಒಣಹುಲ್ಲಿನ ಹೊರೆ ಇಳಿಸುತ್ತಿದ್ದ. ನಾನು ಅಜ್ಜನ ದನಿಯಲ್ಲೇ ‘ಏಯ್, ಚಪ್ಪಲಿ ತೆಗಿ’ ಎಂದೆ. ಅವನು ನಗುತ್ತಾನೆಂದುಕೊಂಡಿದ್ದೆ. ಅವನು ನಗಲಿಲ್ಲ. ಅತ್ತಿತ್ತ ನೋಡಿ, ವಸ್ತ್ರದಲ್ಲಿ ಕೈ ಒರೆಸಿಕೊಂಡು, ಅಂಗಳದಲ್ಲೇ ನಿಂತು ಕೈ ಚಾಚಿ ನನ್ನ ಎರಡೂ ಚಪ್ಪಲಿಗಳನ್ನು ಕಳಚಿ, ಮೆಟ್ಟಿಲ ಬಳಿ ಜೋಡಿಸಿಟ್ಟ. ಮತ್ತೆ ಹುಲ್ಲಿನ ಹೊರೆಗೆ ಹೋದ.

ಬಾಗಿಲಲ್ಲಿ ಅಜ್ಜಿ ನಿಂತು ನೋಡಿದ್ದರು. ಅಂದು ನನಗೆ ಬೆನ್ನಿಗೆರಡು ಬಿದ್ದವು. ಏಟು ಬಿದ್ದದ್ದು ಅರವತ್ತು ದಾಟಿದ ಮನುಷ್ಯನ ಕೈಲಿ ಚಪ್ಪಲಿ ತೆಗೆಸಿದ್ದಕ್ಕಲ್ಲ, ಅವನ ಕೈ ನನ್ನ ಕಾಲಿಗೆ ತಾಗಿತೆಂದು. ಬಚ್ಚಲಿಗೆ ಕರೆದೊಯ್ದು ತಲೆಯ ಮೇಲೆ ನೀರು ಸುರಿದರು. ಆಗ ನಾನು ಅತ್ತದ್ದು ಏಟಿಗೆ. ಈಗಲೂ ಕೆಲವೊಮ್ಮೆ ನಿದ್ದೆಗೆಡಿಸುವುದು ಅವನು ವಸ್ತ್ರದಲ್ಲಿ ಕೈ ಒರೆಸಿಕೊಂಡ ಆ ಗಳಿಗೆ.

ಹಾಗಾದರೆ ತಪ್ಪು ಕುರ್ಚಿಯದೇ? ಇದು ನನ್ನನ್ನು ಕಾಡುವ ಪ್ರಶ್ನೆ. ‘ಅದು ಬರೀ ಮರ, ಮರಕ್ಕೇನು ಪಾಪ’ ಎಂಬುದು ಒಂದು ಸುಲಭದ ಉತ್ತರ. ‘ದಾಸ್ಯದ ಗುರುತು, ಸೌದೆಗೆ ಹಾಕು’ ಎಂಬುದು ಇನ್ನೊಂದು. ಎರಡನೆಯದನ್ನು ಒಪ್ಪಿದರೆ ಎಲ್ಲಿಗೆ ನಿಲ್ಲಿಸುವುದು? ನಮ್ಮ ಮನೆಗಳಿಗೆ ಹೊದಿಸಿದ ಮಂಗಳೂರು ಹೆಂಚು 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಬಂದದ್ದು. ‘ಅಲಮಾರು’ ಪೋರ್ಚುಗೀಸರ ಮಾತು. ‘ಕುರ್ಚಿ’ಯ ಮೂಲ ಅರಬ್ಬಿ. ‘ಬಂಗಲೆ’ ಎಂಬ ಇಂಗ್ಲಿಷರ ಮಾತೇ ಬಂಗಾಳದ ಗುಡಿಸಲಿನಿಂದ ಹೋಗಿ ತಿರುಗಿ ಬಂದದ್ದು. ಅಜ್ಜನ ಕುರ್ಚಿಯ ಬೀಟೆ ನಮ್ಮ ಕಾಡಿನ ಮರ, ಕೆತ್ತಿದ ಕೈ ನಮ್ಮ ಆಚಾರಿಯದೇ ಇರಬೇಕು. ಹೊರಗಿನಿಂದ ಬಂದದ್ದೆಂಬ ಕಾರಣಕ್ಕೆ ಯಾವುದೂ ಅಪರಾಧಿಯಾಗುವುದಿಲ್ಲ.

ಮೊದಲನೆಯ ಉತ್ತರವೂ ನನಗೆ ಒಗ್ಗುವುದಿಲ್ಲ. ಹಳೆಯ ಬಂಗಲೆಗಳಲ್ಲಿ ಚಾವಣಿಯಿಂದ ಬಟ್ಟೆಯ ದೊಡ್ಡ ಬೀಸಣಿಗೆ ತೂಗುತ್ತಿತ್ತು, ಅದೇ ಪಂಖಾ. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗೆ ಹೋಗುತ್ತಿತ್ತು. ಹೊರಗಿನ ಜಗಲಿಯಲ್ಲಿ ಕೂತವನೊಬ್ಬ ರಾತ್ರಿಯಿಡೀ ಅದನ್ನು ಎಳೆಯಬೇಕು. ಗಾಳಿ ಒಳಗೆ ಬರಬೇಕು, ಎಳೆಯುವವನು ಕಣ್ಣಿಗೆ ಬೀಳಬಾರದು. ಆ ಗೋಡೆಯ ತೂತನ್ನು ಬರೀ ತೂತು ಎನ್ನಲಾದೀತೇ? 1859ರಲ್ಲಿ ಸರಕಾರ ಒಂದು ಕಾನೂನು ಮಾಡಿತು. ಮುಂಗಡ ಪಡೆದ ಆಳು ಕೆಲಸ ಬಿಟ್ಟು ಹೋದರೆ ಮೂರು ತಿಂಗಳವರೆಗೆ ಕಠಿಣ ಸಜೆ ಕೊಡಬಹುದಿತ್ತು. ದಕ್ಷಿಣದ ಕಾಫಿ ತೋಟಗಳ ದೊರೆಗಳಿಗೂ ಅದು ಒದಗಿ ಬಂತು. ಕುರ್ಚಿಯಲ್ಲಿ ಕಾಲು ಚಾಚಿದವನ ನೆಮ್ಮದಿಯ ಹಿಂದೆ ಇಂಥ ಕಾನೂನಿನ ಕಾವಲಿತ್ತು.

ಅಂಗಡಿಯಲ್ಲಿ ಈಗ ಮಾರುವ ‘ಸ್ಟೈಲ್’ನಲ್ಲಿ ಇದ್ಯಾವುದೂ ಇಲ್ಲ. ಚಿತ್ರದಲ್ಲಿ ಕುರ್ಚಿ ಇದೆ, ಬೂಟು ಕಳಚುವವನಿಲ್ಲ. ಪಂಖಾದ ಆಕಾರದ ಅಲಂಕಾರವಿದೆ, ಹಗ್ಗ ಎಳೆಯುವವನಿಲ್ಲ. ನಿಂತವರನ್ನೆಲ್ಲ ಚಿತ್ರದಿಂದ ಹೊರಗೆ ಕಳಿಸಿ ಉಳಿದದ್ದನ್ನು ನಾವು ಶೈಲಿ ಎನ್ನುತ್ತೇವೆ. ನನ್ನ ತಕರಾರು ಅಷ್ಟಕ್ಕೇ.

ಆದರೆ ತಕರಾರನ್ನು ಬಿಳಿಯರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದೂ ನ್ಯಾಯವಲ್ಲ. ಬಂಗಲೆಯ ಬಚ್ಚಲಿಗೆ ಜಾಡಮಾಲಿ ಬಂದುಹೋಗಲು ಹಿಂದಿನಿಂದ ಬೇರೆ ಬಾಗಿಲಿರುತ್ತಿತ್ತು. ಇದನ್ನು ಓದಿ ಮೂಗು ಮುರಿಯುವ ನಮ್ಮ ಮನೆಗಳಿಗೆ ಹಿತ್ತಿಲ ಬಾಗಿಲು ಇರಲಿಲ್ಲವೇ? ಅಂಗಳ, ಮೆಟ್ಟಿಲು, ಜಗಲಿ, ನಡುಮನೆ, ದೇವರ ಕೋಣೆ ಎಂದು ಯಾರು ಎಲ್ಲಿಯವರೆಗೆ ಬರಬಹುದೆಂಬುದನ್ನು ನಾವು ದೊರೆಗಳಿಗಿಂತ ಮೊದಲೇ ಅಳೆದಿಟ್ಟಿದ್ದೆವು. ದೊರೆಯ ಕುರ್ಚಿ ನಮ್ಮ ಜಗಲಿಯಲ್ಲಿ ಅಷ್ಟು ಸಲೀಸಾಗಿ ಕೂತದ್ದು ಜಗಲಿ ಅದಕ್ಕೆ ಸಿದ್ಧವಾಗಿದ್ದುದರಿಂದ.

ಗೆದ್ದವರು ಸೋತವರ ಕುರ್ಚಿಯನ್ನು ಏನು ಮಾಡಬೇಕು ಎಂಬುದು ದೊಡ್ಡವರಿಗೂ ಎದುರಾದ ಪ್ರಶ್ನೆಯೇ. ವೈಸ್‌ರಾಯ್‌ಗಾಗಿ ಕಟ್ಟಿದ, 340 ಕೋಣೆಗಳ ದೆಹಲಿಯ ಭವನಕ್ಕೆ 1948ರಲ್ಲಿ ಮೊದಲ ಭಾರತೀಯ ಗವರ್ನರ್ ಜನರಲ್ ಆಗಿ ಹೋದ ರಾಜಾಜಿ, ವೈಸ್‌ರಾಯ್ ಇದ್ದ ಕೋಣೆಗಳನ್ನು ಬಿಟ್ಟು ಬೇರೆ ಕೆಲವೇ ಕೋಣೆಗಳಲ್ಲಿ ವಾಸ ಮಾಡಿದರು. ವೈಸ್‌ರಾಯ್‌ರ ಕೋಣೆಗಳು ಅತಿಥಿಗಳ ಪಾಲಾದವು. ಭವನವನ್ನು ಕೆಡವಲಿಲ್ಲ, ಆದರೆ ಅವನ ಜಾಗದಲ್ಲಿ ಮಲಗಲೂ ಇಲ್ಲ. ಅಜ್ಜನಿಗೆ ಹೊಳೆಯದಿದ್ದ ದಾರಿ ಇದು. ಅಜ್ಜನೊಬ್ಬರಿಗೇ ಏಕೆ?

ಶಾಲೆಯಲ್ಲಿ ನನಗೂ ಒಂದು ಕುರ್ಚಿ ಇದೆ. ಅಂಕಪಟ್ಟಿಗೆ ಸಹಿ ಹಾಕಲು ಬರುವ ಪೋಷಕರಲ್ಲಿ ಬ್ಯಾಂಕಿನವರು, ಅಂಗಡಿಯವರು ಎದುರಿನ ಕುರ್ಚಿ ಎಳೆದು ತಾವಾಗಿ ಕೂರುತ್ತಾರೆ. ತೋಟದ ಕೂಲಿಯಿಂದ ಬಂದ ಅಪ್ಪ ನಿಂತೇ ಇರುತ್ತಾನೆ. ಎಷ್ಟೋ ವರ್ಷ ನಾನು ಅದನ್ನು ಗಮನಿಸಲೇ ಇಲ್ಲ. ಗಮನಿಸಿದ ಮೇಲೆ ‘ಕೂತ್ಕೊಳ್ಳಿ’ ಎಂದರೆ ‘ಪರವಾಗಿಲ್ಲ ಮೇಡಂ’ ಎನ್ನುತ್ತಾರೆ. ಆ ‘ಪರವಾಗಿಲ್ಲ’ವನ್ನು ನಾನು ಬೇಗ ಒಪ್ಪಿಕೊಂಡುಬಿಡುತ್ತಿದ್ದೆ. ಈಗ ಅವರು ಕೂರುವವರೆಗೆ ನಾನೂ ಎದ್ದು ನಿಲ್ಲುತ್ತೇನೆ. ದೊಡ್ಡ ಸಾಧನೆಯೇನಲ್ಲ, ಮೊದಮೊದಲು ನನಗೇ ಮುಜುಗರವಾಗುತ್ತಿತ್ತು. ಆದರೆ ಕೂತ ಮೇಲೆ ಅವರು ಮಗುವಿನ ವಿಚಾರ ಬೇರೆಯಾಗಿಯೇ ಮಾತಾಡುತ್ತಾರೆ. ತಲೆಯಾಡಿಸುವ ಬದಲು ಪ್ರಶ್ನೆ ಕೇಳುತ್ತಾರೆ.

ಹೋದ ತಿಂಗಳು ಕುರ್ಚಿಯನ್ನು ಅಟ್ಟದಿಂದ ಇಳಿಸಿದೆ. ಬೆತ್ತವೆಲ್ಲ ಜೋಲುಬಿದ್ದು ಹರಿದಿತ್ತು. ಹೆಣೆಯುವವರೊಬ್ಬರು ಪೇಟೆಯಲ್ಲಿ ಸಿಕ್ಕರು. ನಮ್ಮ ಪಡಸಾಲೆಯಲ್ಲೇ ಕೂತು, ಬೆತ್ತ ನೆನೆಸಿ, ನಾಲ್ಕು ದಿನ ಹೆಣೆದರು. ಕೊನೆಯ ದಿನ ಕೆಲಸ ಮುಗಿಸಿ, ಗಟ್ಟಿಯಾಯಿತೋ ಇಲ್ಲವೋ ನೋಡಲು ತಾವೇ ಅದರಲ್ಲಿ ಒರಗಿ ಕೂತರು. ಹಲಗೆ ತಿರುಗಿಸಿ ಕಾಲೆರಡನ್ನೂ ಮೇಲಿಟ್ಟು ಒಮ್ಮೆ ಕುಲುಕಿ ನೋಡಿದರು. ‘ಇನ್ನು ಇಪ್ಪತ್ತು ವರ್ಷ ಯೋಚನೆಯಿಲ್ಲ ಬಿಡಿ’ ಎಂದರು. ನಾನು ಕಾಫಿ ತಂದುಕೊಟ್ಟೆ. ಅವರು ಅದರಲ್ಲೇ ಕೂತು ಕುಡಿದರು. ಎದುರಿಗೆ ಯಾರೂ ಕೈಕಟ್ಟಿ ನಿಲ್ಲದೆ ಒಬ್ಬರು ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಸಂಜೆ ಮಗಳಿಗೆ ಫೋನು ಮಾಡಿ ಕಳಿಸುತ್ತೇನೆಂದೆ. ಕಳಿಸುವ ಮೊದಲು ಚಪ್ಪಲಿಯ ಕಥೆಯನ್ನೂ ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರ ಹೆಸರೇನಮ್ಮ?’ ಎಂದು ಕೇಳಿದಳು.

ಕುರ್ಚಿಯ ಮರ ಯಾವುದು, ಯಾವ ತೋಟದ್ದು, ಯಾರು ಕೊಂಡರು, ಎಲ್ಲ ನನಗೆ ಗೊತ್ತು. ಅವನ ಹೆಸರು ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಕರೆದದ್ದಿಲ್ಲ. ಕೇಳೋಣವೆಂದರೆ ಗೊತ್ತಿದ್ದವರು ಈಗ ಯಾರೂ ಉಳಿದಿಲ್ಲ.