ಕಾಣದ ಬದಿಯ ಕಾಯಕ

ದುಡಿದು ಉಣ್ಣಬೇಕು, ದುಡಿದುದರಲ್ಲಿ ದಾಸೋಹ ನಡೆಸಬೇಕು ಎಂಬುದು ಮಠದ ಪ್ರಸಾದ ನಿಲಯದಲ್ಲಿ ಓದಿ ಬಂದ ನಮಗೆಲ್ಲ ಅಕ್ಷರದೊಂದಿಗೇ ಬಂದ ಸಂಸ್ಕಾರ. ಕಾಯಕದ ಮಹಿಮೆಯನ್ನು ನಾವು ಬಹಳ ಕೇಳಿದ್ದೇವೆ, ಬಹಳ ಹೇಳಿದ್ದೇವೆ. ಆದರೆ ಪ್ರತಿಯೊಂದು ಕೆಲಸಕ್ಕೂ ಯಾರ ಕಣ್ಣಿಗೂ ಬೀಳದ ಒಂದು ಬದಿ ಇರುತ್ತದೆ. ಅಲ್ಲಿ ಉಳಿದ ಕೊರತೆಯನ್ನು ಬಲ್ಲವನು ಮಾಡಿದವನೊಬ್ಬನೇ. ಅವನು ಅದನ್ನು ಹೇಳದೆ ಸುಮ್ಮನಿದ್ದರೆ ಆ ಮೌನವೂ ಸುಳ್ಳೆನಿಸುವುದೇ? ವಾಚಕರೇ, ಈ ಪ್ರಶ್ನೆ ನನಗೆ ಎದುರಾದುದು ಗ್ರಂಥದ ಪುಟದಲ್ಲಲ್ಲ, ಅಡುಗೆಮನೆಯ ಗೋಡೆಯಲ್ಲಿ.

ಹಿಂದೆ ನಮ್ಮ ಮನೆಗಳಲ್ಲಿ ಹೆಚ್ಚುವ ಕೆಲಸವೆಲ್ಲ ಈಳಿಗೆ ಮಣೆಯದಾಗಿತ್ತು. ಕೆಲಸ ಮುಗಿದೊಡನೆ ಅದನ್ನು ಮಲಗಿಸಿ, ಅಲಗನ್ನು ಗೋಡೆಯತ್ತ ತಿರುಗಿಸಿಡಬೇಕೆಂದು ಹಿರಿಯರು ಕಟ್ಟುನಿಟ್ಟಾಗಿ ಹೇಳುತ್ತಿದ್ದರು. ಹರಿತವಾದುದನ್ನು ಬಳಸುವವರು ಅದಕ್ಕೊಂದು ನೆಲೆಯನ್ನೂ ಕಲ್ಪಿಸಬೇಕೆಂಬ ವಿವೇಕ ಆ ಮಾತಿನಲ್ಲಿತ್ತು. ಈಗ ಅನೇಕ ಮನೆಗಳಲ್ಲಿ ಈಳಿಗೆಯ ಸ್ಥಾನಕ್ಕೆ ಚಾಕು ಬಂದಿದೆ. ಡ್ರಾಯರಿನಲ್ಲಿ ಒಂದರ ಮೇಲೊಂದು ಬಿದ್ದ ಚಾಕುಗಳ ಬಾಯಿ ಮೊಂಡಾಗುವುದಲ್ಲದೆ, ತಡಕಾಡುವ ಕೈಗೂ ಗಾಯವಾಗುತ್ತದೆ. ಒಮ್ಮೆ ನನ್ನ ಸೊಸೆಯ ಬೆರಳಿಗೆ ಹೀಗೆಯೇ ಪೆಟ್ಟಾದುದನ್ನು ಕಂಡು, ಚಾಕುಗಳನ್ನು ಹಿಡಿದಿಡುವ ಅಯಸ್ಕಾಂತದ ಹಲಗೆಯೊಂದನ್ನು ನಾನೇ ಮಾಡಿಕೊಡಲು ತೊಡಗಿದೆ.

ಅದರ ರಚನೆ ಸರಳವಾದುದು. ಒಂದೂವರೆ ಅಡಿ ಉದ್ದದ ಸಾಗುವಾನಿ ಹಲಗೆಯ ಹಿಂಬದಿಯಲ್ಲಿ ಸಾಲಾಗಿ ಕುಳಿಗಳನ್ನು ಕೊರೆದು, ಪ್ರತಿಯೊಂದರಲ್ಲೂ ದಪ್ಪ ನಾಣ್ಯದಂತಹ ಅಯಸ್ಕಾಂತವನ್ನು ಅಂಟಿನಿಂದ ಕೂರಿಸಿ, ಹಿಂದೆ ತೆಳುವಾದ ಪಟ್ಟಿ ಹೊಡೆದು ಗೋಡೆಗೆ ತಿರುಪಿನಿಂದ ಬಿಗಿಯಬೇಕು. ಎದುರಿಗೆ ಕಾಣುವುದು ನುಣುಪಾದ ಮರ ಮಾತ್ರ. ಇದಕ್ಕೆ ಬಳಸುವುದು ನಿಯೋಡಿಮಿಯಮ್, ಕಬ್ಬಿಣ, ಬೋರಾನ್‌ಗಳು ಕೂಡಿದ ಅಯಸ್ಕಾಂತ. ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ಸಾಧಿಸಿ ೧೯೮೩ರಲ್ಲಿ ಲೋಕಕ್ಕೆ ತಿಳಿಸಿದ ವಸ್ತು. ಅದರ ಬಲ ದೊಡ್ಡದು, ಆದರೆ ಅಂತರ ಹೆಚ್ಚಿದಂತೆ ಸೆಳೆತ ಬಹುಬೇಗ ಕುಗ್ಗುತ್ತದೆ. ಕುಳಿಯ ಮುಂದೆ ೨ ಮಿಲಿಮೀಟರಿನಷ್ಟು ಮರವನ್ನುಳಿಸಿದರೆ ಚಾಕು ಗಟ್ಟಿಯಾಗಿ ನಿಲ್ಲುತ್ತದೆ. ೪ ಮಿಲಿಮೀಟರ್ ಉಳಿದರೆ ಹಿಡಿತ ಸಡಿಲ. ಇನ್ನೂ ಆಳಕ್ಕೆ ಹೋದರೆ ಹಲಗೆಯ ಮುಖವೇ ತೂತಾದೀತು. ಸಾಧಾರಣ ದರ್ಜೆಯವು ೮೦ ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಬಲಗುಂದುವುದರಿಂದ ಒಲೆಯ ನೆತ್ತಿಯ ಮೇಲೆ ಹಲಗೆಯನ್ನು ಹಾಕಬಾರದು. ಮಕ್ಕಳ ಕೈಗೆ ಬಿಡಿ ಅಯಸ್ಕಾಂತ ಸಿಗಲೇಬಾರದು. ಎರಡನ್ನು ನುಂಗಿದರೆ ಅವು ಕರುಳಿನ ಗೋಡೆಯನ್ನು ನಡುವೆ ಸಿಕ್ಕಿಸಿಕೊಂಡು ಪ್ರಾಣಕ್ಕೇ ಸಂಚಕಾರ ತರುತ್ತವೆ.

ನಾನು ಐದು ಕುಳಿಗಳನ್ನು ಕೊರೆದೆ. ನಾಲ್ಕು ಸರಿಯಾಗಿ ಬಂದವು. ಐದನೆಯದರಲ್ಲಿ, ಮುಖ ಎಲ್ಲಿ ಒಡೆದೀತೋ ಎಂಬ ಅಂಜಿಕೆಯಿಂದ ಬೇಗ ನಿಲ್ಲಿಸಿದೆ. ಅಂಟು ಒಣಗಿದ ಮೇಲೆ ಪರೀಕ್ಷಿಸಿದಾಗ ಆ ತುದಿಯಲ್ಲಿ ಚಾಕು ಮೆಲ್ಲನೆ ಜಾರುವುದು ನನಗೆ ತಿಳಿಯಿತು. ಅಂಟು ಕಚ್ಚಿದ ಅಯಸ್ಕಾಂತವನ್ನು ಕೀಳಹೋದರೆ ಅದು ಒಡೆಯುತ್ತದೆ. ಮತ್ತೆ ಮೊದಲಿನಿಂದ ತೊಡಗಬೇಕಾಗಿತ್ತು. ಸೋಮಾರಿತನವೋ ಸಂಕೋಚವೋ, ಹಿಂದಿನ ಪಟ್ಟಿಯನ್ನು ಹೊಡೆದು ಮುಚ್ಚಿಬಿಟ್ಟೆ. ಹಲಗೆ ಗೋಡೆಯೇರಿತು. ಬಂದವರೆಲ್ಲ ಹೊಗಳಿದರು. ನಾನು ನಸುನಕ್ಕು ಆ ಹೊಗಳಿಕೆಯನ್ನು ಪೂರ್ತಿಯಾಗಿ ಸ್ವೀಕರಿಸಿದೆ.

ಕೆಲವು ದಿನಗಳ ತರುವಾಯ ಆ ತುದಿಯಲ್ಲಿಟ್ಟಿದ್ದ ಭಾರವಾದ ಚಾಕು ಜಾರಿ ನೆಲಕ್ಕೆ ಬಿದ್ದಿತು. ಮೊಮ್ಮಗು ಅಲ್ಲಿಂದ ಎದ್ದು ಹೋಗಿ ಕ್ಷಣವಷ್ಟೇ ಆಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಓಡಿ ಬಂದ ಸೊಸೆ ನಡುಗುವ ದನಿಯಲ್ಲಿ, ‘ತಪ್ಪು ನನ್ನದೇ ಮಾವ, ನಾನೇ ಸರಿಯಾಗಿ ಇಟ್ಟಿರಲಿಲ್ಲ’ ಎಂದಳು. ಚಾಕು ಬಿದ್ದುದಕ್ಕಿಂತಲೂ ಆ ಮಾತು ನನ್ನನ್ನು ಹೆಚ್ಚಾಗಿ ಇರಿಯಿತು.

ಅಲ್ಲಿಯವರೆಗೆ ನಾನು ನನಗೇ ಹೇಳಿಕೊಳ್ಳುತ್ತಿದ್ದ ಸಮಾಧಾನ ಹೀಗಿತ್ತು: ನಾನೇನೂ ಸುಳ್ಳಾಡಿಲ್ಲ, ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ, ನಾಲ್ಕು ಭಾಗ ಸರಿಯಿರುವಾಗ ಒಂದರ ಕೊರತೆ ಯಾವ ಲೆಕ್ಕ? ಲೋಕದಲ್ಲಿ ಕೊರತೆಯಿಲ್ಲದ ಕೆಲಸವುಂಟೇ ಎಂದು ನೀವೂ ಕೇಳಬಹುದು. ಇಲ್ಲ, ನಿಜ. ಕೈ ತಪ್ಪುವುದು ಮನುಷ್ಯ ಸಹಜ. ಅದು ದೋಷವಾದರೂ ಪಾಪವಲ್ಲ. ಆದರೆ ಆ ಹಲಗೆಯ ಕೆಳಗೆ ನಿಶ್ಚಿಂತೆಯಿಂದ ಕೈಯಾಡಿಸುವವರು ಮರವನ್ನು ನಂಬಿದವರಲ್ಲ, ನನ್ನನ್ನು ನಂಬಿದವರು. ತಿಳಿದ ಕೊರತೆಯನ್ನು ಮುಚ್ಚಿಟ್ಟಾಗ ಅದು ಇಲ್ಲವಾಗುವುದಿಲ್ಲ. ನಂಬಿದವರ ತಲೆಯ ಮೇಲೆ ಹೋಗಿ ಕೂರುತ್ತದೆ. ಕೊನೆಗೆ ನಿರಪರಾಧಿಯೇ ತನ್ನನ್ನು ದೂಷಿಸಿಕೊಳ್ಳುವಂತಾಗುತ್ತದೆ. ನನ್ನ ಮೌನ ಸುಳ್ಳಾದುದು ಹೀಗೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನಪಾಗುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸದೆ, ಹೆಚ್ಚಿನದನ್ನು ತಂದಲ್ಲಿಗೇ ಮರಳಿಸೆಂದಳು. ಆ ಅಕ್ಕಿ ಕದ್ದುದಲ್ಲ, ಬೇಡಿದ್ದೂ ಅಲ್ಲ. ಆದರೂ ಅವರಿಗೆ ಸಲ್ಲದು. ಹೊಗಳಿಕೆಯೂ ಹಾಗೆಯೇ ಅಲ್ಲವೇ? ಮಾಡಿದ ಕೆಲಸಕ್ಕೆ ಸಲ್ಲುವಷ್ಟನ್ನು ಪಡೆದರೆ ಅದು ಕೂಲಿ. ಮಾಡದ ಪಾಲಿನದನ್ನೂ ಇಟ್ಟುಕೊಂಡರೆ ಅದು ಮರಳಿಸದೆ ಉಳಿಸಿಕೊಂಡ ಅಕ್ಕಿ.

ಅಂದೇ ಸಂಜೆ ಮನೆಯವರೆದುರು ನಿಜವನ್ನು ಹೇಳಿ ಹಲಗೆಯನ್ನು ಇಳಿಸಿದೆ. ಹೇಳುವಾಗ ನಾಲಗೆ ತೊದಲಿತು. ಹೇಳಿದ ಮೇಲೆ ಮನಸ್ಸು ಹಗುರವಾಯಿತು. ಸೊಸೆ ಏನೂ ಅನ್ನಲಿಲ್ಲ. ಬೇರೊಂದು ಹಲಗೆಯನ್ನು ತಂದು, ಈ ಸಲ ಪ್ರತಿ ಕುಳಿಯ ಆಳವನ್ನೂ ಅಳೆದು ಅಳೆದು ಕೊರೆದೆ. ಹಿಂದಿನ ಪಟ್ಟಿ ಹೊಡೆಯುವ ಮುನ್ನ ಅವಳನ್ನೇ ಕರೆದು, ಭಾರವಾದ ಚಾಕುವನ್ನು ಐದೂ ಕಡೆ ಇಟ್ಟು ನೋಡಲು ಹೇಳಿದೆ.

ವಾಚಕರೇ, ನಿಮ್ಮಲ್ಲಿ ಪಾಠ ಹೇಳುವವರಿದ್ದೀರಿ, ಲೆಕ್ಕ ಬರೆಯುವವರಿದ್ದೀರಿ, ಕಟ್ಟಡ ಕಟ್ಟುವವರಿದ್ದೀರಿ. ನಿಮ್ಮ ಕಾಯಕದಲ್ಲೂ ಗೋಡೆಗೆ ತಾಗಿದ ಒಂದು ಬದಿ ಇದ್ದೇ ಇರುತ್ತದೆ. ಜನ ನೋಡುವುದು ಮುಂಬದಿಯನ್ನು. ಭಾರ ಹೊರುವುದು ಹಿಂಬದಿ. ಅಲ್ಲಿ ಕೊರತೆ ಉಳಿದಿದ್ದರೆ ಪಟ್ಟಿ ಹೊಡೆಯುವ ಮುನ್ನವೇ ಸರಿಪಡಿಸೋಣ. ಹೊಡೆದಾಗಿದ್ದರೆ, ಯಾರಾದರೂ ತಮ್ಮದಲ್ಲದ ತಪ್ಪನ್ನು ತಮ್ಮದೆಂದು ಒಪ್ಪಿಕೊಳ್ಳುವ ಮೊದಲೇ ಬಾಯಿ ಬಿಟ್ಟು ಹೇಳೋಣ.