ಅಶುದ್ಧಿ ಎಲ್ಲಿದೆ?

ನಿಮ್ಮ ಮಗುವಿಗೆ ರಕ್ತದ ಕ್ಯಾನ್ಸರ್ ತಗಲಿದೆಯೆಂದು ಭಾವಿಸಿರಿ. ಚಿಕಿತ್ಸೆಯು ಕ್ಯಾನ್ಸರಿನೊಂದಿಗೆ ಮಗುವಿನ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸಿದೆ. ಸೋಂಕಿನಿಂದ ಕಾಪಾಡಲು ಕೊಟ್ಟ ಆಂಟಿಬಯಾಟಿಕ್‌ಗಳು ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಂದಿವೆ. ಆ ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಮ್ ಡಿಫಿಸಿಲ್ ಎಂಬ ರೋಗಾಣು ಬೆಳೆದು, ಮಗು ಭೇದಿಯಿಂದ ಸೊರಗುತ್ತಿದೆ. ಮದ್ದು ಕೊಟ್ಟರೆ ನಿಲ್ಲುತ್ತದೆ, ಬಿಟ್ಟರೆ ಮರಳುತ್ತದೆ. ಆಗ ವೈದ್ಯರು, ಆರೋಗ್ಯವಂತನೊಬ್ಬನ ಮಲವನ್ನು ಪರೀಕ್ಷಿಸಿ, ಸೋಸಿ, ಅದರ ಜೀವಾಣುಗಳನ್ನು ಮಗುವಿನ ಕರುಳಿಗೆ ಸೇರಿಸೋಣ ಎನ್ನುತ್ತಾರೆ. ನಿಮ್ಮ ಉತ್ತರವೇನು?

ಮೊದಲು ಅಸಹ್ಯವಾದೀತು. ಅನಂತರ ಧರ್ಮದ ಪ್ರಶ್ನೆ ಏಳುತ್ತದೆ. ಮಲವು ನಜಸ್. ಅದು ಬಟ್ಟೆಗೆ ತಗಲಿದರೆ ತೊಳೆಯದೆ ನಾವು ನಮಾಝ್‌ಗೆ ನಿಲ್ಲುವುದಿಲ್ಲ. ಅದನ್ನೇ ಮಗುವಿನ ಒಡಲಿಗೆ ಸೇರಿಸುವುದೇ? ಈ ಹಿಂಜರಿಕೆಯನ್ನು ಯಾರೂ ಹಳಿಯಬೇಕಾಗಿಲ್ಲ. ಆದರೆ ಅಲ್ಲಿಗೇ ನಿಲ್ಲುವುದೂ ಸರಿಯಲ್ಲ.

ಇದು ಮಾಟ ಮಂತ್ರವಲ್ಲ. 1958ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಡಾ. ಬೆನ್ ಐಸ್‌ಮನ್ ಮತ್ತು ಸಂಗಡಿಗರು ಕರುಳಿನ ತೀವ್ರ ಉರಿಯೂತವಿದ್ದ ನಾಲ್ವರಿಗೆ ಈ ಚಿಕಿತ್ಸೆ ನೀಡಿದ್ದನ್ನು ವರದಿ ಮಾಡಿದರು. 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ, ಸೋಂಕು ಮರುಕಳಿಸಿದ್ದ 16 ವಯಸ್ಕರ ಪೈಕಿ 13 ಮಂದಿ ಒಂದೇ ಸಲದ ಚಿಕಿತ್ಸೆಯಿಂದ ಗುಣಮುಖರಾದರು. ವ್ಯಾಂಕೊಮೈಸಿನ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ಕೇವಲ ನಾಲ್ವರು.

ಶರೀಅತ್ ಏನೆನ್ನುತ್ತದೆ? ಅರ್ಫಜ(ರ) ಎಂಬ ಸಹಾಬಿ ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ದುರ್ನಾತ ಬೀರಿದಾಗ ಚಿನ್ನದ ಮೂಗು ಮಾಡಿಸಿಕೊಳ್ಳಲು ಪ್ರವಾದಿವರ್ಯರು(ಸ) ಹೇಳಿದರು. ಪುರುಷರಿಗೆ ನಿಷಿದ್ಧವಾದ ಚಿನ್ನವು ಅಗತ್ಯಕ್ಕಾಗಿ ಅನುಮತಿಸಲ್ಪಟ್ಟಿತು. ನಿಷಿದ್ಧ ವಸ್ತುವಿನಲ್ಲಿ ಶಮನವಿಲ್ಲ ಎಂಬ ಆಶಯದ ಹದೀಸ್ ಇದೆಯಲ್ಲಾ ಎಂದು ನೀವು ಕೇಳಬಹುದು. ಶುದ್ಧವಾದ ಬೇರೆ ಮದ್ದು ಇರುವಾಗ ಅದು ಅನ್ವಯಿಸುತ್ತದೆಂದು ಇಮಾಮ್ ನವವಿ(ರ) ವಿವರಿಸಿದ್ದಾರೆ. ಹನಫೀ ವಿದ್ವಾಂಸರಲ್ಲೂ ಅನೇಕರು, ಬಲ್ಲ ವೈದ್ಯನು ಬೇರೆ ದಾರಿಯಿಲ್ಲವೆಂದಾಗ ಇಂತಹ ಚಿಕಿತ್ಸೆಗೆ ಅನುಮತಿ ನೀಡಿದ್ದಾರೆ. ಆದ್ದರಿಂದ ಬೇರೆ ಮದ್ದುಗಳು ಸೋತಿವೆಯೇ ಎಂದು ಕೇಳುವುದು ನಿಮ್ಮ ಮೊದಲ ಕರ್ತವ್ಯ.

ಎರಡನೆಯ ಕರ್ತವ್ಯ ಇನ್ನೂ ದೊಡ್ಡದು. 2019ರಲ್ಲಿ ಅಮೆರಿಕದಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದ್ದ ಇಬ್ಬರು ವಯಸ್ಕರಿಗೆ ಒಬ್ಬನೇ ದಾನಿಯ ಮಲದಿಂದ, ಔಷಧಿಗಳಿಗೆ ಬಗ್ಗದ ಇ. ಕೋಲಿ ಸೋಂಕು ತಗಲಿತು. ಒಬ್ಬರು ಮೃತಪಟ್ಟರು. ಆ ರೋಗಾಣುವಿಗಾಗಿ ದಾನಿಯ ಮಲವನ್ನು ಪರೀಕ್ಷಿಸಿರಲಿಲ್ಲ. 2022 ಮತ್ತು 2023ರಲ್ಲಿ ಅಮೆರಿಕ ಇಂತಹ ಎರಡು ಔಷಧಿಗಳಿಗೆ ಅನುಮತಿ ನೀಡಿದಾಗಲೂ ಅದು 18 ವರ್ಷ ತುಂಬಿದವರಿಗೆ ಮಾತ್ರವಾಗಿತ್ತು. ಶಕ್ತಿಗುಂದಿದ ಮಗುವಿನ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂದು ನೀವೇ ಯೋಚಿಸಿರಿ. ಯಾವ ಪರೀಕ್ಷೆಗಳಾಗಿವೆ, ಅಪಾಯವೇನು ಎಂದು ಕೇಳಲು ನಾಚಬೇಡಿ. ತವಕ್ಕುಲ್ ಎಂದರೆ ಕೇಳದೆ ಕುಳಿತುಕೊಳ್ಳುವುದಲ್ಲ.

ದಾನಿಯಾಗಲು ತಂದೆಯನ್ನೋ ಅಣ್ಣನನ್ನೋ ಕೇಳಬಹುದು. ಆಗ ಹಿಂದಿನ ಕಾಯಿಲೆ, ಸೇವಿಸಿದ ಮದ್ದು, ಹೇಳಲು ನಾಚಿಕೆಯಾಗುವ ಅಭ್ಯಾಸ, ಎಲ್ಲವನ್ನೂ ವೈದ್ಯರು ವಿಚಾರಿಸುತ್ತಾರೆ. ಮಾನಕ್ಕಂಜಿ ಒಂದನ್ನು ಮುಚ್ಚಿಟ್ಟರೂ ಅದರ ಬೆಲೆ ತೆರುವುದು ಮಗು. ಅನಿವಾರ್ಯತೆಯು ನಜಸ್‌ಗೆ ವಿನಾಯಿತಿ ಕೊಡಬಹುದು, ಆದರೆ ಇಂತಹ ಸುಳ್ಳಿಗೆ ಕೊಡುವುದಿಲ್ಲ.

ಮಕ್ಕಳ ದೇಹ ನಮ್ಮ ಸೊತ್ತಲ್ಲ, ಅಲ್ಲಾಹನ ಅಮಾನತ್. ನಮ್ಮ ಅಸಹ್ಯಕ್ಕಾಗಿ ಅವರ ಚಿಕಿತ್ಸೆಯನ್ನು ತಡೆಯುವ ಹಕ್ಕು ನಮಗಿಲ್ಲ. ನಮ್ಮ ಆತುರಕ್ಕಾಗಿ ಅವರನ್ನು ಅಪಾಯಕ್ಕೊಡ್ಡುವ ಹಕ್ಕೂ ಇಲ್ಲ. ವೈದ್ಯರನ್ನು ಕೇಳಿರಿ, ಆಲಿಮರನ್ನು ಕೇಳಿರಿ, ಶಿಫಾ ಕರುಣಿಸೆಂದು ಅಲ್ಲಾಹನಲ್ಲಿ ಬೇಡಿರಿ. ಆ ಬಳಿಕ ನಿರ್ಧರಿಸಿರಿ.