ಬೂಸಾ ಎಂಬ ಮಾತು, ವಸಲ ಎಂಬ ಮಾತು



ಧಮ್ಮ ಬಂಧುಗಳೇ, ಇವತ್ತಿನ ಚಿಂತನೆಯನ್ನು ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ.

ಕಳೆದ ವಾರ ನಂಜನಗೂಡಿನಿಂದ ನರಸೀಪುರದ ಕಡೆ ಶಾಲೆಗೆ ಹೋಗುವ ಬಸ್ಸಿನಲ್ಲಿದ್ದೆ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಮೊಬೈಲ್ ತೋರಿಸಿದರು. ಕೈಗೆ ಪಟ್ಟಿ ಸುತ್ತಿಕೊಂಡ ಒಬ್ಬ ಹುಡುಗನ ಫೋಟೊ, ಕೆಳಗೆ 'ಕಾಲೋನಿ ಹುಡುಗರ ಅಟ್ಟಹಾಸ' ಎಂಬ ಸಾಲು. ಅರ್ಧ ಗಂಟೆ ಆಗಿರಲಿಲ್ಲ, ಅದೇ ಫೋಟೊ ನನ್ನ ಮೊಬೈಲಿಗೂ ಬಂತು. ಇಲ್ಲಿದ್ದ ಸಾಲು 'ದಲಿತ ಯುವಕನ ಕೊಲೆಗೆ ಯತ್ನ'. ಮೊದಲನೆಯದನ್ನು ಓದಿ ರೊಚ್ಚಿಗೆದ್ದಿದ್ದೆ. ಎರಡನೆಯದನ್ನು ಪೂರ್ತಿ ಓದಲೂ ಇಲ್ಲ, ಎರಡು ಗುಂಪಿಗೆ ಕಳಿಸಿಬಿಟ್ಟೆ.

ಆ ಊರಿನ ಒಬ್ಬ ಹುಡುಗಿ ನನ್ನ ತರಗತಿಯಲ್ಲೇ ಇದ್ದಾಳೆ. ಮಧ್ಯಾಹ್ನ ಕೇಳಿದೆ. "ಇಬ್ರೂ ನಮ್ ಬೀದಿಯವ್ರೇ ಸಾ. ಭಾವ, ಭಾಮೈದ. ಬೈಕಿನ ಕಂತು ಕಟ್ಟೋ ವಿಷ್ಯಕ್ಕೆ ಜಗಳ" ಎಂದಳು.

ಸಂಜೆ ಬಸ್ಸಿನಲ್ಲಿ ಸಹೋದ್ಯೋಗಿಗೆ ಇದನ್ನೇ ಹೇಳಿದೆ. "ಹೌದಾ ಸರ್?" ಎಂದು ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಆದ್ರೂ ಅವರು ಹಂಗೇ ಅಲ್ವಾ" ಎಂದರು. ಅವರು ಕೆಟ್ಟ ಮನುಷ್ಯರಲ್ಲ. ನಾನು ಯಾವ ಬೀದಿಯವನೆಂದು ಗೊತ್ತಿದ್ದವರೇ, ಆ ಗಳಿಗೆಯಲ್ಲಿ ಮರೆತಿದ್ದರು. ಸುದ್ದಿ ಸುಳ್ಳಾಯಿತು, ಆದರೆ 'ಕಾಲೋನಿ' ಎಂಬ ಮಾತು ಮಾಡಬೇಕಾದ ಕೆಲಸ ಮಾಡಿ ಮುಗಿಸಿತ್ತು. ನೋಡಿ, ಮೈಸೂರಿನಲ್ಲಿ ಕಾಲೋನಿ ಎಂದರೆ ಬಾಡಿಗೆ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಕಾಲೋನಿ ಎಂದರೆ ಯಾರ ಮನೆಗಳು ಎಂದು ವಿವರಿಸಬೇಕಾಗಿಲ್ಲ. ನಿಘಂಟು ಇದನ್ನು ಹೇಳುವುದಿಲ್ಲ.

ಇಂಥದ್ದು ನಮ್ಮ ಜಿಲ್ಲೆಗೆ ಹೊಸದಲ್ಲ. 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಆಗ ದೇವರಾಜ ಅರಸು ಅವರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ, ನಮ್ಮ ಮಕ್ಕಳು ಇಂಗ್ಲಿಷ್ ಕಲಿಯಲಿ ಎಂಬ ಅರ್ಥದ ಮಾತಾಡಿದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮಂತ್ರಿ ಅವರು. ಆ ಕೆಲಸ ಮಾಡಿದವರ ಕಣ್ಣಿಗೆ ನಮ್ಮ ಪುಸ್ತಕಗಳಲ್ಲಿ ತಮ್ಮ ಜನ ಎಲ್ಲಿ ಕಂಡಾರು? ಆದರೆ ಮಾತು ಬೀದಿಗೆ ಬರುವಷ್ಟರಲ್ಲಿ 'ಬಹುಪಾಲು' ಉದುರಿತ್ತು, 'ಸಾಹಿತ್ಯ'ವೂ ಉದುರಿತ್ತು. ಉಳಿದದ್ದು, ಕನ್ನಡವನ್ನೇ ಬೂಸಾ ಎಂದ ಮಂತ್ರಿ. ಮೆರವಣಿಗೆಗಳಾದವು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕುವೆಂಪು ಅವರಂಥವರು ಬಸವಲಿಂಗಪ್ಪನವರ ಪರ ನಿಂತರೂ ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ನೋವಿನಿಂದಲೇ ಮುಂದೆ ದಲಿತ ಸಂಘರ್ಷ ಸಮಿತಿ ಬೆಳೆಯಿತು ಎಂಬುದು ನಿಮಗೆಲ್ಲ ಗೊತ್ತು.

ನಮ್ಮ ದೊಡ್ಡಪ್ಪ ಆಗ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದರು. ಆ ದಿನಗಳಲ್ಲಿ ಕಾಲೇಜಿನ ಮೆಟ್ಟಿಲ ಮೇಲೆ ಒಬ್ಬ ಹುಡುಗ, "ನೀನೂ ಬೂಸಾನಾ?" ಎಂದು ಕೇಳಿದನಂತೆ. ಪುಸ್ತಕಕ್ಕೆ ಹೇಳಿದ ಮಾತು ವಾರದೊಳಗೆ ಜಾತಿಯ ಹೆಸರಾಗಿತ್ತು. ನಾನು ಎಂ.ಎ. ಓದುವಾಗ ಇದನ್ನು 'ಬೂಸಾ ಪ್ರಕರಣ' ಎಂದು ಟಿಪ್ಪಣಿ ಬರೆದುಕೊಂಡೆ. ಆ ಹೆಸರನ್ನೇ ಯೋಚಿಸಿ. ಬಸವಲಿಂಗಪ್ಪನವರ ಒಂದು ಪದ ಹೆಸರಾಗಿ ಉಳಿಯಿತು. ಏಟು ತಿಂದವರ ಹೆಸರಲ್ಲಿ ಅದು ಉಳಿಯಲಿಲ್ಲ.

ಈ ಕತೆಯನ್ನು ಒಮ್ಮೆ ಅವ್ವನಿಗೆ ಹೇಳಿದೆ. ಅವ್ವ ಎರಡು ಹಸು ಕಟ್ಟಿಕೊಂಡು ನಮ್ಮನ್ನು ಓದಿಸಿದವಳು. "ಬೂಸಾ ಅನ್ನೋದು ಬೈಗುಳ್ವಾ? ಬೂಸಾ ಇಲ್ದೆ ಹಾಲೆಲ್ಲಿಂದ ಬಂದದು?" ಎಂದಳು. ಬಸವಲಿಂಗಪ್ಪನವರು ಹೊಗಳಿಕೆಗೆ ಹೇಳಲಿಲ್ಲ, ಅದು ನಿಜ. ಆದರೂ ಒಂದೇ ಪದ ಒಬ್ಬರಿಗೆ ಕಸ, ಇನ್ನೊಬ್ಬರಿಗೆ ದುಡ್ಡು ಕೊಟ್ಟು ತರಬೇಕಾದ ಮೂಟೆ.

ಈಗ ಸುತ್ತನಿಪಾತದ ವಸಲ ಸುತ್ತಕ್ಕೆ ಬರೋಣ. ಶ್ರಾವಸ್ತಿಯಲ್ಲಿ ಭಗವಾನರು ಭಿಕ್ಷೆಗೆ ಬರುತ್ತಿದ್ದರು. ಅಗ್ನಿಪೂಜೆಯಲ್ಲಿದ್ದ ಭಾರದ್ವಾಜ ಎಂಬ ಬ್ರಾಹ್ಮಣ ದೂರದಿಂದಲೇ ಕೂಗಿ, ಅಲ್ಲೇ ನಿಲ್ಲು ವಸಲ ಎಂದ. ವಸಲ ಎಂದರೆ ಹೀನ, ಹೊರಗಿನವನು. ಅವರು ಸಿಟ್ಟಾಗಲಿಲ್ಲ. ನಾನು ವಸಲ ಅಲ್ಲ ಎಂದು ವಾದವನ್ನೂ ಮಾಡಲಿಲ್ಲ. ವಸಲ ಅಂದರೆ ಯಾರು, ಯಾವುದರಿಂದ ಮನುಷ್ಯ ವಸಲನಾಗುತ್ತಾನೆ, ನಿನಗೆ ಗೊತ್ತೇ ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ! ದಿನವೂ ಬಾಯಲ್ಲಿದ್ದ ಮಾತು. ಗೊತ್ತಿಲ್ಲ, ನೀವೇ ಹೇಳಿ ಎಂದ. ಆಗ ಭಗವಾನರು ಪಟ್ಟಿ ಕೊಟ್ಟರು. ಸಾಲ ತಂದು, ತಂದೇ ಇಲ್ಲ ಎನ್ನುವವನು, ಶಕ್ತಿಯಿದ್ದೂ ಮುದಿ ತಂದೆತಾಯಿಯನ್ನು ಸಾಕದವನು, ತನಗಾಗಿಯೋ ಪರರಿಗಾಗಿಯೋ ಹಣಕ್ಕಾಗಿಯೋ ಸುಳ್ಳು ಸಾಕ್ಷಿ ಹೇಳುವವನು ವಸಲ. ಹುಟ್ಟಿನಿಂದ ಯಾರೂ ವಸಲರಲ್ಲ.

'ಪರರಿಗಾಗಿಯೋ' ಎಂಬಲ್ಲಿ ನಾನು ಸಿಕ್ಕಿಬಿದ್ದೆ. ನಮ್ಮವರಿಗಾಗಿ ತಾನೇ ನಾನು ಆ ಫೋಟೊ ಕಳಿಸಿದ್ದು?

ವಲಯದಲ್ಲಿ ಹೇಳಿಕೊಂಡಾಗ ಒಬ್ಬರು, "ಮೇಷ್ಟ್ರೇ, ನೀವು ಬರ್ದಿದ್ದಲ್ವಲ್ಲ, ಮುಂದಕ್ಕೆ ಕಳಿಸಿದ್ದಷ್ಟೆ" ಎಂದರು. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳಾಡುವುದಿಲ್ಲ ಎಂಬುದೂ ಒಂದು. ಅಲ್ಲಿ ಅಂಥ ರಿಯಾಯಿತಿ ಕಾಣಲಿಲ್ಲ. ಇನ್ನೊಬ್ಬ ತಂಗಿ ಹೇಳಿದ್ದು ಇನ್ನೂ ಖಾರವಾಗಿತ್ತು: "ನಾಳೆ ನಿಜವಾಗ್ಲೂ ಹಲ್ಲೆ ಆದಾಗ ನಮ್ಮನ್ನ ಯಾರು ನಂಬ್ತಾರೆ ಅಣ್ಣಾ?" ಬದನವಾಳು ನಮ್ಮ ತಾಲ್ಲೂಕಿನಲ್ಲೇ ಇದೆ. 1993ರಲ್ಲಿ ಅಲ್ಲಿ ನಮ್ಮವರು ಮೂವರ ಕೊಲೆಯಾಯಿತು. ಕೊಲೆ ಎಂಬ ಪದವನ್ನು ಅಂಥದ್ದಕ್ಕೆ ಇಟ್ಟುಕೊಂಡಿರಬೇಕು. ಬೈಕಿನ ಕಂತಿನ ಜಗಳಕ್ಕೆ ನಾನು ಅದನ್ನು ಖರ್ಚು ಮಾಡಿಬಿಟ್ಟೆ.

ಎರಡೂ ಗುಂಪಿಗೆ ತಿದ್ದುಪಡಿ ಕಳಿಸಿದ್ದೇನೆ. ಮೊದಲಿನದಕ್ಕೆ ಸಿಟ್ಟಿನ ಮುಖಗಳು ಸಾಲುಗಟ್ಟಿ ಬಂದಿದ್ದವು, ಇದಕ್ಕೆ ಬಂದದ್ದು ಎರಡು ಹೆಬ್ಬೆರಳು. ಈ ಭಾನುವಾರ ವಸಲ ಸುತ್ತವನ್ನು ಪೂರ್ತಿ ಓದೋಣ. ನನ್ನ ಸಹೋದ್ಯೋಗಿಯನ್ನೂ ಕರೆದಿದ್ದೇನೆ, ನೋಡುತ್ತೇನೆ ಎಂದಿದ್ದಾರೆ.

ಜೈಭೀಮ್. ನಮೋ ಬುದ್ಧಾಯ.